ಮದುವೆಗೆ ಏರಿಸೋದು, ಮಣ್ಣಿಗೆ ಇಳಿಸೋದು

ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಏನಿರುತ್ತದೆ ಎನ್ನುವುದು ಬೆಳಿಗ್ಗೆ ಅಪ್ಪ ಡ್ರಮ್ಮಿನ ತಿರುಪುಗಳನ್ನು ಯಾವ ಕಡೆಗೆ ತಿರುಗಿಸಿದ ಎನ್ನುವುದರಲ್ಲೇ ಗೊತ್ತಾಗಿಬಿಡುತ್ತಿತ್ತು. ಬಲಕ್ಕೆ ತಿರುಗಿಸಿ ಚರ್ಮವನ್ನು ಬಿಗಿ ಮಾಡಿದನೆಂದರೆ ಎಲ್ಲೋ ಮದುವೆಯಿದೆ. ಸಂಜೆ ಅವನ ಟವೆಲ್ಲಿನ ಗಂಟಿನಲ್ಲಿ ಬೂಂದಿಯೋ ಹೋಳಿಗೆಯೋ ಬರುತ್ತದೆ. ಎಡಕ್ಕೆ ತಿರುಗಿಸಿ ಸಡಿಲ ಮಾಡಿದನೆಂದರೆ ಯಾರೋ ಸತ್ತಿದ್ದಾರೆ. ಹೆಣ ಹೂಳುವುದಕ್ಕೆ ನಮ್ಮ ಕಡೆ ಮಣ್ಣು ಎಂದೇ ಹೇಳುವುದು. ಮಣ್ಣಿಗೆ ಬಾರಿಸಿ ಬಂದ ದಿನ ಅಪ್ಪ ಹಿತ್ತಲಲ್ಲೇ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಮುದ್ದೆ ಉಂಡು ಮಲಗುತ್ತಿದ್ದ. ಮದುವೆಗೆ ಏರಿಸೋದು, ಮಣ್ಣಿಗೆ ಇಳಿಸೋದು, ಇವೆರಡೇ ನಮ್ಮ ಮನೆಯ ಪಂಚಾಂಗ. ಹಬ್ಬ ಹುಣ್ಣಿಮೆಗಳೆಲ್ಲ ಇವುಗಳ ಮಧ್ಯೆ ಎಲ್ಲಾದರೂ ಜಾಗ ಸಿಕ್ಕರೆ ಬಂದು ಹೋಗುತ್ತಿದ್ದವು. ನನಗೆ ಬೂಂದಿ ಬಹಳ ಇಷ್ಟ. ಹಾಗಾಗಿ ಸುತ್ತಲ ಊರುಗಳಲ್ಲಿ ಯಾರೂ ಸಾಯಬಾರದು ಎಂದು ದೇವರ ಗೂಡಿನ ಮುಂದೆ ಪ್ರಾಮಾಣಿಕವಾಗಿ ಬೇಡಿಕೊಳ್ಳುತ್ತಿದ್ದೆ.

ನಮ್ಮ ಮನೆ ಹೊನ್ನಾಳಿಯ ಅಂಚಿನ ಕೇರಿಯಲ್ಲಿತ್ತು. ಮುಂದೆ ಒಂದು ಜಗುಲಿ, ಒಳಗೆ ಎರಡು ಅಂಕಣ, ಹಿಂದೆ ಹಿತ್ತಲು. ಒಂದು ಅಂಕಣದಲ್ಲಿ ಒಲೆ ಮತ್ತು ಅವ್ವ, ಇನ್ನೊಂದರಲ್ಲಿ ದೇವರ ಗೂಡು ಮತ್ತು ಡ್ರಮ್ಮು. ಮಿಕ್ಕ ನಾವು, ಅಂದರೆ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು, ಉಳಿದ ಜಾಗದಲ್ಲಿ ಕೂತು ಏಳುತ್ತಿದ್ದೆವು. ಡ್ರಮ್ಮು ಅಪ್ಪನದಲ್ಲ, ಖಾದರ್ ಸಾಬರ ಬ್ಯಾಂಡ್ ಸೆಟ್ಟಿನದು. ಸಾಬರು ಕ್ಲಾರಿನೆಟ್ ಊದುತ್ತಿದ್ದರು, ಸೆಟ್ಟಿಗೆ ಅವರೇ ಮಾಸ್ಟರು. ಹೆಗಲ ಪಟ್ಟಿಯಿಂದ ಸೊಂಟದ ಬಳಿಗೆ ಇಳಿಬಿಟ್ಟು ಎರಡು ಕಡ್ಡಿಗಳಿಂದ ಬಾರಿಸುವ, ಹಿತ್ತಾಳೆ ಮೈಯ ಸಣ್ಣ ಡ್ರಮ್ಮನ್ನು ಅವರು ಅಪ್ಪನ ಸುಪರ್ದಿಗೆ ಕೊಟ್ಟಿದ್ದರು. ಕೊಟ್ಟ ದಿನದಿಂದ ಅದು ನಮ್ಮ ಗೂಟದ ಮೇಲೆಯೇ ಇತ್ತು. ಅಜ್ಜನ ಕಾಲದಲ್ಲಿ ಗೋವಿನಕೋವಿಯಲ್ಲಿ ನಮ್ಮವರು ಹಲಗೆ ಬಾರಿಸುತ್ತಿದ್ದರು. ಹಲಗೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿಯಾಗಿ ದನಿ ಏಳುತ್ತದೆ. ಮಗ ಹಲಗೆ ಬಿಟ್ಟು ಬ್ಯಾಂಡ್ ಸೇರಿದ್ದು ಅಜ್ಜಿಗೆ ಕೊನೆಯವರೆಗೂ ಸರಿಬರಲಿಲ್ಲ.

"ಬೆಂಕಿ ಕಾಣದ ಚರ್ಮ ಎಂಥಾ ದನಿ ಕೊಡ್ತೈತೆ? ಸೈಕಲ್ ರಿಪೇರಿ ಮಾಡಿದಂಗೆ ತಿರುಪು ತಿರುಗಿಸ್ಕಂತಾ ಕುಂತಾನೆ ನೋಡು," ಅನ್ನುತ್ತಿದ್ದಳು.

ಆದರೆ ಹಲಗೆಯವರನ್ನು ಊರವರು ಬಾರೋ ಎಂದು ಕೂಗುತ್ತಿದ್ದರು, ಕೆಂಪು ಕೋಟಿನ ಬ್ಯಾಂಡಿನವರನ್ನು ಬನ್ರಿ ಎಂದು ಕರೆಯುತ್ತಿದ್ದರು. ಊಟ ಮಾತ್ರ ಇಬ್ಬರಿಗೂ ಚಪ್ಪರದ ಹೊರಗೇ. ಹಾಗೆ ಕರೆಸಿಕೊಳ್ಳುವುದಕ್ಕಾಗಿಯೇ ಅಪ್ಪ ಹಲಗೆ ಬಿಟ್ಟನೆಂದು ಈಗ ನನಗೆ ಅನ್ನಿಸುತ್ತದೆ. ಅದು ಸಣ್ಣ ಆಸೆಯೇನಲ್ಲ.

ಡ್ರಮ್ಮು ಏರಿಸುವಾಗ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಅಪ್ಪ ಜಗುಲಿಯ ಮೇಲೆ ಗೋಣಿಚೀಲ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು, ಡ್ರಮ್ಮನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದ. ಮೊದಲು ಕೆಳಗಿನ ಚರ್ಮ. ಅದು ಈರುಳ್ಳಿ ಸಿಪ್ಪೆಯಷ್ಟು ತೆಳು. ಬಿಗಿ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ದನಿ ಮಂಕಾಗುತ್ತದೆ. ಆಮೇಲೆ ಮೇಲಿನದು. ಒಂದು ತಿರುಪನ್ನು ಸ್ವಲ್ಪ ತಿರುಗಿಸಿದ ಮೇಲೆ ಪಕ್ಕದ್ದಕ್ಕೆ ಹೋಗಬಾರದು, ಎದುರಿನದಕ್ಕೆ ಹೋಗಬೇಕು. ಇಲ್ಲದಿದ್ದರೆ ಮೇಲಿನ ಬಳೆ ಒಂದು ಕಡೆಗೆ ವಾಲುತ್ತದೆ. ಪ್ರತಿ ತಿರುಪಿನ ಬಳಿಯೂ ಬೆರಳ ತುದಿಯಿಂದ ತಟ್ಟಿ ಕೇಳಬೇಕು, ಎಲ್ಲ ಕಡೆಯೂ ಒಂದೇ ದನಿ ಬರುವವರೆಗೂ ಸುತ್ತು ಹಾಕುತ್ತಲೇ ಇರಬೇಕು. ಕೊನೆಗೆ ತಂತಿ. ಸುರುಳಿ ಸುತ್ತಿದ ಸಣ್ಣ ತಂತಿಗಳ ಒಂದು ಪಟ್ಟಿ ಕೆಳಗಿನ ಚರ್ಮಕ್ಕೆ ಒತ್ತಿಕೊಂಡಿರುತ್ತದೆ. ಮೇಲೆ ಕಡ್ಡಿ ಬಿದ್ದಾಗ ಕೆಳಗೆ ಅವು ನಡುಗುತ್ತವೆ. ಮದುವೆ ಡ್ರಮ್ಮಿನ ಆ ಚರಚರ ಸದ್ದು, ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು, ಬರುವುದು ಅಲ್ಲಿಂದ. ಬದಿಯ ಹಿಡಿಯನ್ನು ಎತ್ತಿದರೆ ತಂತಿ ಚರ್ಮಕ್ಕೆ ಕೂರುತ್ತದೆ, ಬಿಟ್ಟರೆ ಇಳಿಯುತ್ತದೆ. ಮಣ್ಣಿಗೆ ಹೋಗುವಾಗ ಅಪ್ಪ ಬರೀ ಹಿಡಿ ಬಿಡುತ್ತಿರಲಿಲ್ಲ, ತಂತಿಯನ್ನು ಬಿಗಿದ ದಾರವನ್ನೇ ಸಡಿಲಿಸುತ್ತಿದ್ದ. ಹೆಣದ ಮುಂದೆ ಅಪ್ಪಿತಪ್ಪಿಯೂ ತಂತಿ ಚರಗುಟ್ಟಬಾರದು ಎನ್ನುವುದು ಅವರ ಸೆಟ್ಟಿನ ಕಟ್ಟಳೆ. ಹಾಗೆ ಇಳಿಸಿದ ಡ್ರಮ್ಮು ಮಣ್ಣಿನ ಹೆಂಟೆ ಬಿದ್ದ ಹಾಗೆ ಧಬ್, ಧಬ್ ಎನ್ನುತ್ತಿತ್ತು. ಆ ಸದ್ದು ಬೀದಿಗೆ ಬಂತೆಂದರೆ ಜನ ಬಾಗಿಲಿಗೆ ಬಂದು, ಯಾರು ಹೋದರೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮಣ್ಣಿಗೆ ಹೋಗಿ ಬಂದ ಡ್ರಮ್ಮನ್ನು ಆ ರಾತ್ರಿ ಒಳಗೆ ತರುವಂತಿರಲಿಲ್ಲ. ಅಜ್ಜಿ ಅದಕ್ಕೆ ಅರಿಶಿನದ ನೀರು ಚಿಮುಕಿಸಿ ಜಗುಲಿಯ ಮೇಲೆಯೇ ಬಿಡುತ್ತಿದ್ದಳು.

ಅವ್ವ ಜಗಳೂರಿನ ಕಡೆಯವಳು. ಬಯಲು ಹೊಲಗಳಲ್ಲಿ ದೂರದೂರದಿಂದ ಕೂಗಿ ಮಾತಾಡಿ ಬೆಳೆದವಳಾದ್ದರಿಂದ ಗಂಟಲು ದೊಡ್ಡದು. ಆದರೆ ಸಿಟ್ಟು ಬಂದರೆ ಅವಳ ದನಿ ಇಳಿಯುತ್ತಿತ್ತು. ಒಲೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ಮೆಲ್ಲಗೆ ಬೈಯುತ್ತಿದ್ದಳು. ನಾನು ಹೇಳುತ್ತಿರುವ ವರ್ಷಗಳಲ್ಲಿ ಅವಳಿಗೆ ಸಿಟ್ಟಿಲ್ಲದ ದಿನವನ್ನು ನಾನು ನೋಡಿದ್ದು ಕಡಿಮೆ.

"ಎಣ್ಣೆ ಮುಗಿದೈತೆ ಅಂತ ನಿನ್ನೇನೇ ಹೇಳಿದ್ನಲ್ಲ?"

"ಹೂಂ," ಅನ್ನುತ್ತಿದ್ದ ಅಪ್ಪ.

"ಹೂಂ ಅಂದ್ರೆ? ತಂದೀರೋ ಇಲ್ವೋ?"

"ಹೂಂ."

"ಗ್ವಾಡೆಗೆ ಹೇಳಿದ್ರೂ ಚೂರು ಮಣ್ಣಾದ್ರೂ ಉದುರ್ತೈತೆ. ಈ ಮನುಷ್ಯಂಗೆ ಹೆಂಡ್ತಿ ಮಾತು ನಾಯಿ ಬೊಗಳಿದಂಗೆ ಆಗೈತೆ."

ಇದಕ್ಕೂ ಅಪ್ಪ ಹೂಂ ಅನ್ನುತ್ತಿದ್ದ. ಆಗ ಅವ್ವ ತಟ್ಟೆಯನ್ನು ಕುಕ್ಕಿದರೆ ಅದು ಮಾತ್ರ ಅವನಿಗೆ ತಟ್ಟುತ್ತಿತ್ತು. ತಲೆ ಎತ್ತಿ, ಏನಾಯಿತೆಂದು ತಿಳಿಯದೆ, ನನ್ನ ಮುಖ ನೋಡುತ್ತಿದ್ದ. ಅವನು ಎದುರಾಡದೆ ಇದ್ದಷ್ಟೂ ಅವಳ ಕಹಿ ಹೆಚ್ಚುತ್ತಾ ಹೋಯಿತು. ಕೆಂಪು ಕೋಟು ತೊಟ್ಟ ಮೇಲೆ ಗಂಡನಿಗೆ ಸೊಕ್ಕು ಬಂದಿದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು, ಒಂದು ಸಲ ತೀರ್ಮಾನ ಮಾಡಿದರೆ ಅವಳು ಅದನ್ನು ಬದಲಿಸುವ ಪೈಕಿಯವಳಲ್ಲ. ಅಜ್ಜಿ ಸದಾ ಮಗನ ಪರ. ಹೀಗಾಗಿ ನಮ್ಮ ಮನೆಯಲ್ಲಿ ಊಟ ಎಂದರೆ ನಾಲ್ಕು ಜನ ನಾಲ್ಕು ಕಡೆಗೆ ಮುಖ ಮಾಡಿಕೊಂಡು ಉಣ್ಣುವುದು. ನನಗೆ ಆ ಹೊತ್ತಿನಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಈಗಲೂ ಯಾರಾದರೂ ತಟ್ಟೆಯನ್ನು ಜೋರಾಗಿ ಇಟ್ಟರೆ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟುಬಿಡುತ್ತೇನೆ.

ನನಗೆ ಗೊತ್ತಾದದ್ದು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಒಂದು ಬೆಳಿಗ್ಗೆ ಜಗುಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ, ಎದುರಿಗೆ ಅಪ್ಪ ಡ್ರಮ್ಮು ಏರಿಸುತ್ತಿದ್ದ. ಅವನು ಬಾರಿ ಬಾರಿ ಒಂದೇ ಜಾಗವನ್ನು ತಟ್ಟುತ್ತಿದ್ದ, ತಲೆಯನ್ನು ಚರ್ಮದ ಹತ್ತಿರ ಬಗ್ಗಿಸುತ್ತಿದ್ದ, ಮತ್ತೆ ತಟ್ಟುತ್ತಿದ್ದ. ಆ ಜಾಗ ಉಳಿದ ಕಡೆಗಿಂತ ಇಳಿದಿತ್ತು. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ, ದಿನಾ ಕೇಳಿ ಕೇಳಿ ಕಿವಿ ತಾನೇ ಕಲಿತಿತ್ತು.

"ಅಪ್ಪ, ಅದು ಇನ್ನೂ ಬಂದಿಲ್ಲ," ಅಂದೆ.

ಅಪ್ಪ ನನ್ನ ಬಾಯನ್ನೇ ನೋಡಿದ.

"ಇನ್ನೊಂದ್ಸಲ ಅನ್ನು."

"ಅಲ್ಲಿ ಇನ್ನೂ ಬಂದಿಲ್ಲ. ಇನ್ನೊಂಚೂರು ಏರಿಸು."

ಅವನು ಏರಿಸಿದ, ತಟ್ಟಿದ, ನನ್ನ ಕಡೆ ನೋಡಿದ. ನಾನು ಬಂತು ಎಂದು ತಲೆಯಾಡಿಸಿದೆ. ಹಾಗೆಯೇ ಸುತ್ತಲೂ ಆಯಿತು. ತಂತಿಯ ಹಿಡಿ ಎತ್ತಿ ಬಾರಿಸಿದಾಗ ಜಗುಲಿಯ ತುಂಬ ಸಾಸಿವೆ ಸಿಡಿದಂತಾಯಿತು. ನಾನು ನಕ್ಕೆ. ಅಪ್ಪ ನಗಲಿಲ್ಲ. ಡ್ರಮ್ಮಿನ ಮೇಲೆ ಎರಡೂ ಅಂಗೈ ಊರಿ ಬಹಳ ಹೊತ್ತು ಕೂತಿದ್ದ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ ಎಂದಲ್ಲ. ಗಂಡಸರ ದಪ್ಪ ದನಿ, ಲಾರಿ, ದೊಡ್ಡ ಡ್ರಮ್ಮು, ಇವೆಲ್ಲ ಕೇಳಿಸುತ್ತಿದ್ದವು. ಹೋಗಿದ್ದು ತೆಳುವಾದ ಸದ್ದುಗಳು: ಹಕ್ಕಿ, ಬಳೆ, ತಂತಿ, ಅವ್ವನ ಮೆಲುದನಿ. ವರ್ಷಗಟ್ಟಲೆ ಕಿವಿಯ ಪಕ್ಕದಲ್ಲೇ ತುತ್ತೂರಿ ಊದಿಸಿಕೊಂಡು ಡ್ರಮ್ಮು ಬಾರಿಸಿದ್ದಕ್ಕೆ ಬಂದ ಫಲ ಅದು. ನಗುವವರ ಜೊತೆ ನಗುತ್ತಾ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾ ದಿನ ದೂಡುತ್ತಿದ್ದ.

ಅಂದಿನಿಂದ ನಾನು ಅಪ್ಪನ ಕಿವಿಯಾದೆ. ಅವನು ತಟ್ಟುವಾಗ ನಾನು ಎದುರಿಗೆ ಅಕ್ಕಿಯ ಮೊರ ಹಿಡಿದು ಕೂರುತ್ತಿದ್ದೆ. ಗದ್ದ ಮೇಲೆತ್ತಿದರೆ ಏರಿಸಬೇಕು, ಇಳಿಸಿದರೆ ಸಡಿಲಿಸಬೇಕು, ಕಣ್ಣು ಮುಚ್ಚಿದರೆ ಸರಿಯಾಗಿದೆ. ನೋಡಿದವರಿಗೆ ತೂಕಡಿಸುವ ಹುಡುಗಿಯ ಹಾಗೆ ಕಾಣುತ್ತಿದ್ದೆನೇನೋ, ಅಜ್ಜಿ ಎಷ್ಟೋ ಸಲ ಮೊರ ಕಿತ್ತುಕೊಂಡು ಬೈದಿದ್ದಾಳೆ. ಇದರಿಂದ ನನಗೆ ಅಂಟಿದ ಚಟ ಇನ್ನೂ ಬಿಟ್ಟಿಲ್ಲ. ಎಲ್ಲಿ ಹೋದರೂ ಯಾವುದು ಸಡಿಲವಾಗಿದೆ ಎಂದೇ ಕಿವಿ ಹುಡುಕುತ್ತದೆ. ಕುಕ್ಕರಿನ ಮುಚ್ಚಳ, ಫ್ಯಾನಿನ ರೆಕ್ಕೆ, ಮಾತಾಡುವವರ ದನಿ, ಯಾವುದನ್ನೂ ಸುಮ್ಮನೆ ಬಿಡುವುದಿಲ್ಲ. ಸೊಸೆಗೆ ನನ್ನ ಮೇಲೆ ಅಂಥ ಪ್ರೀತಿಯೇನೂ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಅಪ್ಪ ನನಗೆ ಆಣೆ ಭಾಷೆ ಏನೂ ಹಾಕಿಸಲಿಲ್ಲ. ಒಂದು ದಿನ ಹೊಳೆಯಲ್ಲಿ ಬಟ್ಟೆ ಹಿಂಡುತ್ತಾ ಹೇಳಿದ, ಅಷ್ಟೆ.

"ಅವ್ವಂಗೆ ಹೇಳಬ್ಯಾಡ ರತ್ನಿ. ಆಕಿಗೆ ಗೊತ್ತಾದ್ರೆ ಬಾವಿಕಟ್ಟೆಗೆ ಗೊತ್ತಾಗ್ತೈತೆ, ಬಾವಿಕಟ್ಟೆಗೆ ಗೊತ್ತಾದ್ರೆ ಸಾಬ್ರಿಗೆ ಗೊತ್ತಾಗ್ತೈತೆ. ಕಿವಿ ಹೋದೋನ ಕೈಯಾಗೆ ಯಾರು ಡ್ರಮ್ಮು ಬಿಡ್ತಾರೆ? ಅದು ಹೋದ್ರೆ ನಾನು ಏನು?"

ನಾನು ಹೂಂ ಅಂದೆ. ಅಪ್ಪನ ಹಾಗೆಯೇ.

ಏಳನೇ ಕ್ಲಾಸಿನಲ್ಲಿದ್ದಾಗ ನಾನು ದೊಡ್ಡವಳಾದೆ. ಜಗಳೂರಿನಿಂದ ಸೋದರಮಾವ ಬಂದು, ಮನೆಯ ಮುಂದಿನ ಅಂಗಳದ ಮೂಲೆಯಲ್ಲಿ ಹಸಿ ಸೊಪ್ಪಿನ ಗುಡ್ಲು ಕಟ್ಟಿಕೊಟ್ಟು ಹೋದ. ಹೊಂಗೆ ಸೊಪ್ಪಿನ ವಾಸನೆಯ ಆ ಪುಟ್ಟ ಗುಡಿಸಲಿನಲ್ಲಿ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಬಾಗಿಲಿಗೆ ಒನಕೆಯನ್ನು ಅಡ್ಡ ಇಟ್ಟರು. ಆರತಿ ಆಗುವವರೆಗೂ ಅದನ್ನು ದಾಟುವಂತಿಲ್ಲ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ಹಾಕಿದ ಮೆಂತ್ಯದ ಹಿಟ್ಟು, ಜೀವಮಾನದಲ್ಲಿ ಕಾಣದಷ್ಟು ತಿನಿಸು ಕೊಟ್ಟರು. ಕೇರಿಯ ಹೆಂಗಸರು ಬಂದು ಹಾಡಿದರು, ಕೆನ್ನೆ ಚಿವುಟಿದರು. ಅಜ್ಜಿ ಹೇಳಿದ ಕಟ್ಟುಗಳಲ್ಲಿ ಒಂದು ಮಾತ್ರ ನನ್ನ ಎದೆಗೆ ನಾಟಿತು. ಡ್ರಮ್ಮು ದೇವರ ಗೂಡಿನ ಪಕ್ಕದ್ದು. ನಾನು ಅದನ್ನು ಮುಟ್ಟುವುದಿರಲಿ, ನನ್ನ ಕಣ್ಣು ಕೂಡ ಅದರ ಮೇಲೆ ಬೀಳಬಾರದು. ಹಾಗೆ ಬಿದ್ದರೆ ಚರ್ಮ ಒಡೆಯುತ್ತದಂತೆ. ಅಪ್ಪ ಗುಡ್ಲಿನ ಹತ್ತಿರ ಬಂದಾಗ ಅವನ ಮುಖ ನೋಡಿದೆ. ಇನ್ನು ಡ್ರಮ್ಮಿನ ದನಿ ಕೇಳಿ ಹೇಳುವವರು ಯಾರು ಎನ್ನುವ ಯೋಚನೆ ಅವನಿಗೂ ಬಂದಿತ್ತು.  ಅಜ್ಜಿ ಅಲ್ಲೇ ಇದ್ದುದರಿಂದ ಅದನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ.

ಅಷ್ಟರಲ್ಲಿ ನ್ಯಾಮತಿಯಲ್ಲಿ ಒಬ್ಬ ದೊಡ್ಡ ಮನುಷ್ಯರು ತೀರಿಕೊಂಡು, ಸೆಟ್ಟು ಅಲ್ಲಿಗೆ ಮಣ್ಣಿಗೆ ಹೋಯಿತು. ಇಳಿಸುವುದು ಅಪ್ಪನಿಗೆ ಕಷ್ಟವಿರಲಿಲ್ಲ, ಇಳಿಸಿದ ದಪ್ಪ ಸದ್ದು ಅವನಿಗೆ ಕೇಳಿಸುತ್ತಿತ್ತು. ಮಾರನೆಯ ದಿನವೇ ಸವಳಂಗದಲ್ಲಿ ಮದುವೆ. ಬೆಳಕು ಹರಿಯುವ ಹೊತ್ತಿಗೆ ಅಪ್ಪ ಜಗುಲಿಯ ಮೇಲೆ ಕೂತು ಡ್ರಮ್ಮು ಏರಿಸತೊಡಗಿದ. ನಾನು ಗುಡ್ಲಿನೊಳಗೆ ಮೊಣಕಾಲ ಮೇಲೆ ಗದ್ದ ಇಟ್ಟುಕೊಂಡು ಕೇಳುತ್ತಿದ್ದೆ. ಅಜ್ಜಿಯ ಅರಿಶಿನದ ನೀರಿಗೆ ಚರ್ಮ ತೇವವಾಗಿತ್ತು. ಒಂದು ಕಡೆ ಏರಿತ್ತು, ಅದರ ಎದುರಿನ ಕಡೆ ಸತ್ತೇ ಬಿದ್ದಿತ್ತು. ಅಪ್ಪ ಬೆರಳಿನಿಂದ ಒತ್ತಿ ನೋಡಿ ಬಿಗಿಯಾಗಿದೆ ಎಂದುಕೊಂಡನೆಂದು ಕಾಣುತ್ತದೆ. ಆಮೇಲೆ ಹಿಡಿ ಎತ್ತಿದ. ಅದು ಟಕ್ ಎಂದಿತು. ಆದರೆ ಹಿಂದಿನ ದಿನ ಸಡಿಲಿಸಿದ್ದ ದಾರವನ್ನು ಅವನು ಮತ್ತೆ ಬಿಗಿದಿರಲಿಲ್ಲ. ಹಿಡಿ ಎದ್ದರೂ ತಂತಿ ಚರ್ಮಕ್ಕೆ ಮುಟ್ಟಲೇ ಇಲ್ಲ. ಕಡ್ಡಿ ತೆಗೆದುಕೊಂಡು ಬಾರಿಸಿದ. ಧಬ್, ಧಬ್. 

"ಅಪ್ಪ, ತಂತಿ ಕುಂತಿಲ್ಲ. ದಾರ ಬಿಗಿ," ಎಂದು ಕೂಗಿದೆ.

ಅಜ್ಜಿ ಓಡುತ್ತಾ ಬಂದು ಗುಡ್ಲಿನ ಬಾಗಿಲಿಗೆ ತನ್ನ ಕಂಬಳಿಯನ್ನು ಅಡ್ಡ ಹಿಡಿದಳು.

"ಬಾಯಿ ಮುಚ್ಚು. ಇಂಥಾ ಹೊತ್ತಿನಾಗೆ ವಾದ್ಯದ ಮಾತಾಡಬಾರದು."

"ಅಜ್ಜಿ, ಅದು ಮಣ್ಣಿನ ಸದ್ದು. ಮದುವೆಗೆ ಹಂಗೇ ಒಯ್ತಾನೆ. ಅವ್ವ, ನೀನಾದ್ರೂ ಅಪ್ಪಂಗೆ ಹೇಳವ್ವ."

ಅವ್ವ ಹೇಳಲಿಲ್ಲವೆಂದಲ್ಲ, ಹೇಳಿದಳು. ನೀರಿನ ಕೊಡ ಹೊತ್ತು ಅವನ ಮುಂದೆಯೇ ಒಳಗೆ ಹೋಗುತ್ತಾ, ತಿರುಗಿಯೂ ನೋಡದೆ, "ನಿಮ್ಮ ಮಗಳು ಏನೋ ತಂತಿ ಅಂತಾಳೆ ನೋಡ್ರಿ," ಅಂದಳು. ಅಪ್ಪ ಹೂಂ ಅಂದ. ಕೋಟಿನ ಗುಂಡಿ ಹಾಕಿಕೊಂಡು, ಡ್ರಮ್ಮನ್ನು ಹೆಗಲಿಗೇರಿಸಿ ಅಂಗಳಕ್ಕೆ ಇಳಿದ. ನಾನು ಕಂಬಳಿಯ ಸಂದಿಯಿಂದ ಕೈ ಹೊರಗೆ ಹಾಕಿ ಬೀಸಿದೆ, ಅಪ್ಪ ಅಪ್ಪ ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನಿಗೆ ನನ್ನ ಕೈ ಮಾತ್ರ ಕಾಣಿಸಿತು. ಮಗಳು ಹೋಗಿ ಬಾ ಅನ್ನುತ್ತಿದ್ದಾಳೆ ಎಂದು ತಿಳಿದು, ನಕ್ಕು, ತಾನೂ ಕೈ ಎತ್ತಿ ಬಸ್ಸಿಗೆ ಹೋದ.

ಸವಳಂಗದಲ್ಲಿ ನಡೆದದ್ದನ್ನು ಆಮೇಲೆ ಸಾಬರು ಹೇಳಿದರು. ಬಸ್ಸು ತಡವಾಗಿ, ಇವರು ಇಳಿದ ಹೊತ್ತಿಗೆ ಗಂಡಿನ ಕಡೆಯವರು ಊರ ಬಾಗಿಲಿಗೆ ಬಂದು ನಿಂತಿದ್ದರಂತೆ. ಹೆಣ್ಣಿನವರು ಆರತಿ ಹಿಡಿದು ಕಾಯುತ್ತಿದ್ದರು. ವಾದ್ಯ ಸರಿನೋಡಿಕೊಳ್ಳಲು ಯಾರಿಗೂ ಪುರಸೊತ್ತಿಲ್ಲದೆ ನಿಂತಲ್ಲೇ ಶುರು ಮಾಡಿದರು. ಕ್ಲಾರಿನೆಟ್ಟು ಮದುವೆಯ ಹಾಡು ಊದುತ್ತಿದ್ದರೆ ಕೆಳಗೆ ಡ್ರಮ್ಮು ಧಬ್ ಧಬ್ ಅನ್ನುತ್ತಿತ್ತು. ಸಾಬರು ಊದುತ್ತಲೇ, ನಿಲ್ಲಿಸು ಎಂದು ಕೈ ಅಲ್ಲಾಡಿಸಿದರು. ಅಪ್ಪ ಅದನ್ನು ಇನ್ನೂ ಜೋರಾಗಿ ಎಂದು ತಿಳಿದು ಇನ್ನೂ ಜೋರಾಗಿ ಬಾರಿಸಿದ. ಗಂಡಿನ ದೊಡ್ಡಪ್ಪ ನ್ಯಾಮತಿಯವರು. ಹಿಂದಿನ ದಿನ ಅದೇ ಡ್ರಮ್ಮಿನ ಹಿಂದೆ ಹೆಣಕ್ಕೆ ಹೆಗಲು ಕೊಟ್ಟು ನಡೆದಿದ್ದವರು. ಅವರು ದಾರಿಯಲ್ಲೇ ನಿಂತುಬಿಟ್ಟರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಯಾರೋ ಬಂದು ಅಪ್ಪನ ಕೈಯಿಂದ ಕಡ್ಡಿ ಕಿತ್ತು ಎಸೆದರು, ಇನ್ನೊಬ್ಬರು ಕೋಟಿನ ಕಾಲರು ಹಿಡಿದರು. ನಮ್ಮ ಮಗೀನ ಮದುವೆಗೆ ಹೆಣದ ವಾದ್ಯ ತಂದೀಯೇನೋ ಎಂದು ಬೈದರಂತೆ. ಅಪ್ಪ ಎಲ್ಲರ ಬಾಯನ್ನೂ ಒಂದೊಂದಾಗಿ ನೋಡುತ್ತಾ ನಿಂತಿದ್ದನಂತೆ. ಮದುವೆ ವಾದ್ಯವಿಲ್ಲದೆ ನಡೆಯಿತು. ಬ್ಯಾಂಡಿನವರನ್ನು ಉಣ್ಣಿಸದೆ ಕಳಿಸಿದರು.

ಮಾರನೆಯ ಸಂಜೆ ಸಾಬರು ನಮ್ಮ ಮನೆಗೆ ಬಂದರು. ಬೈಯುತ್ತಾರೆಂದು ನಾವೆಲ್ಲ ಕಾದಿದ್ದೆವು, ಅವರು ಬೈಯಲಿಲ್ಲ. ಜಗುಲಿಯ ಅಂಚಿನಲ್ಲಿ ಕೂತು ಕನ್ನಡಕ ಒರೆಸಿಕೊಂಡರು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಸಾಬರು ಮುಖವನ್ನು ಬೀದಿಯ ಕಡೆ ತಿರುಗಿಸಿ, ಮೆಲ್ಲಗೆ, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದರು.

"ಹನುಮಂತ, ನಿನ್ನ ಮನೆಗೆ ಬೆಂಕಿ ಬಿದ್ದೈತೆ."

"ಹೂಂ ಸಾಬ್ರೆ," ಅಂದ ಅಪ್ಪ, ಬಹಳ ವಿನಯದಿಂದ.

ಒಳಗೆ ಒಲೆಯ ಮುಂದಿದ್ದ ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅಪ್ಪನನ್ನು ನೋಡಿದಳು. ಆ ನೋಟ ನನಗೆ ಗುಡ್ಲಿನಿಂದಲೇ ಕಂಡಿತು, ಅದನ್ನು ನಾನು ಮರೆತಿಲ್ಲ. ಸಾಬರು ಕನ್ನಡಕ ಹಾಕಿಕೊಂಡು ಅವ್ವನ ಕಡೆ ತಿರುಗಿದರು.

"ಎಷ್ಟು ದಿನದಿಂದ ಹಿಂಗೆ ತಂಗಿ?"

 ಗುಡ್ಲಿನೊಳಗಿನಿಂದ ನಾನೇ ಹೇಳಿದೆ.

"ನಾನು ನಾಲ್ಕನೇ ಕ್ಲಾಸಿನಾಗೆ ಇದ್ದಾಗಿಂದ ಸಾಬ್ರೆ. ಇಲ್ಲೀತಂಕ ನಾನು ಕೇಳಿ ಹೇಳ್ತಿದ್ದೆ."

ಸಾಬರು ಅಪ್ಪನ ಕೈಗಳನ್ನು ನೋಡುತ್ತಾ ಹೇಳಿದರು.

"ತಾಳ ಇವನ ಕೈಯಾಗೆ ಐತೆ, ಅದು ಹೋಗಿಲ್ಲ. ನನ್ನ ಬೆರಳು ನೋಡ್ಕಂಡೇ ಬಾರಿಸ್ತಾನೆ. ಆದ್ರೆ ಬಿಸಿಲಿಗೆ ಬಂದ್ರೆ ಚರ್ಮ ಏರ್ತೈತೆ, ನೆರಳಿಗೆ ಹೋದ್ರೆ ಇಳಿತೈತೆ. ದಿನವಿಡೀ ಕಿವಿ ಬೇಕು. ನನ್ನ ಬಾಯಾಗೆ ಕ್ಲಾರಿನೆಟ್ಟು ಇರ್ತೈತೆ, ನಾನೆಲ್ಲಿ ನೋಡ್ಲಿ? ಈ ಬೇಟಿ ಜೊತೆಗೆ ಬರ್ಲಿ ಬೇಕಾದ್ರೆ. ನಾನು ಯಾರಿಗೂ ಹೇಳಾಕೆ ಹೋಗಲ್ಲ."

"ಮೈನೆರೆದ ಹುಡುಗೀನ ಬ್ಯಾಂಡಿನ ಹಿಂದೆ ಊರೂರು ಕಳಿಸಾಕೆ ಆಗ್ತೈತಾ ಸಾಬ್ರೆ?" ಅಂದಳು ಅಜ್ಜಿ. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.  ಸಾಬರಿಗೂ ಹೆಣ್ಣುಮಕ್ಕಳಿದ್ದರು, ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಅಪ್ಪ ಎಲ್ಲರ ಮುಖ ನೋಡುತ್ತಿದ್ದ. ಅವನ ವಿಚಾರವೇ ಅವನ ಮುಂದೆ ನಡೆಯುತ್ತಿತ್ತು, ಅವನಿಗೆ ಒಂದು ಅಕ್ಷರವೂ ದಕ್ಕಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದ. ನಾನೇ ಹೇಳಬೇಕಾಯಿತು. ಒನಕೆಯ ಮೇಲೆ ಬಗ್ಗಿ, ಅವನಿಗೆ ತುಟಿ ಕಾಣುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ನಾನು ನಿನ್ನ ಜೊತೆ ಬಂದ್ರೆ ಡ್ರಮ್ಮು ಉಳಿತೈತಂತೆ ಅಪ್ಪ. ಅಜ್ಜಿ ಆಗಲ್ಲ ಅಂತಾಳೆ. ನಾನು ಬರ್ತೀನಿ."

ಅಪ್ಪ ನನ್ನನ್ನು ನೋಡಿದ, ನನ್ನ ಮುಂದಿದ್ದ ಒನಕೆಯನ್ನು ನೋಡಿದ. ಮದುವೆ ಮನೆಗಳ ಬಾಗಿಲಲ್ಲಿ, ಕುಡಿದು ಕುಣಿಯುವ ಗಂಡಸರ ನಡುವೆ, ನಾನು ಗದ್ದ ಎತ್ತಿ ಇಳಿಸುತ್ತಾ ನಿಲ್ಲುವುದು ಅವನ ಕಣ್ಣಿಗೆ ಕಟ್ಟಿರಬೇಕು.

"ಬ್ಯಾಡ," ಅಂದ. ಆಮೇಲೆ ಸಾಬರ ಕಡೆ ತಿರುಗಿ, ನನ್ನನ್ನು ಬಿಟ್ಟು ಯಾರಿಗೂ ಯಾವತ್ತೂ ಹೇಳದಿದ್ದ ಮಾತನ್ನು ಹೇಳಿದ. "ನನಗೆ ಕೇಳ್ಸಲ್ಲ ಸಾಬ್ರೆ. ತಗಂಡು ಹೋಗ್ರಿ."

ಒಳಗೆ ಹೋಗಿ ಗೂಟದಿಂದ ಡ್ರಮ್ಮನ್ನು ಇಳಿಸಿ ತಂದ. ಕೊಡಲು ಮುಂದಾದವನು ತಡೆದು, ಗೋಣಿಚೀಲವನ್ನು ಅಂಗಳಕ್ಕೇ ಹಾಸಿ, ಗುಡ್ಲಿನ ಎದುರಿಗೆ ಕೂತ. ಸವಳಂಗದ ಸದ್ದಿನಲ್ಲಿಯೇ ಅದನ್ನು ಇನ್ನೊಬ್ಬರ ಕೈಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ. ಅಜ್ಜಿ ನನ್ನ ಕಡೆ ನೋಡಿದಳು, ಡ್ರಮ್ಮಿನ ಕಡೆ ನೋಡಿದಳು, ಕಂಬಳಿ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಟ್ಟಳು. ಅಪ್ಪ ಕೆಳಗಿನ ಚರ್ಮದಿಂದ ಶುರು ಮಾಡಿದ. ತಟ್ಟಿದ, ನೋಡಿದ. ನಾನು ಗದ್ದ ಎತ್ತಿದೆ, ಇಳಿಸಿದೆ. ಕಣ್ಣು ತುಂಬಿಕೊಂಡು ಬರುತ್ತಿತ್ತು; ಮುಚ್ಚಿದರೆ ಸರಿಯಾಯಿತೆಂದು ತಿಳಿದಾನೆಂದು ಬಿಟ್ಟುಕೊಂಡೇ ಇದ್ದೆ. ದಾರವನ್ನು ತಾನೇ ನೆನಪು ಮಾಡಿಕೊಂಡು ಬಿಗಿದ. ಎಲ್ಲ ಮುಗಿದ ಮೇಲೆ ಒಂದು ಸಲ ಕಡ್ಡಿ ಆಡಿಸಿದ. ಬಂದಿತ್ತು, ಎಂದೂ ಬಾರದಷ್ಟು ಚೆನ್ನಾಗಿ ಬಂದಿತ್ತು. ಆಗ ಕಣ್ಣು ಮುಚ್ಚಿದೆ. ಸಾಬರು ಡ್ರಮ್ಮನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅಪ್ಪನ ಭುಜ ಮುಟ್ಟಿ ಹೊರಟುಹೋದರು.

ಅಪ್ಪ ಅಕ್ಕಿ ಗಿರಣಿಗೆ ಕೆಲಸಕ್ಕೆ ಸೇರಿದ. ಅಲ್ಲಿ ಯಂತ್ರದ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು, ಅವನೂ ಎಲ್ಲರಂತಾದ. ಮೈತುಂಬ ತೌಡು ಮೆತ್ತಿಕೊಂಡು ಬಂದು, ಮದುವೆಯೂ ಇಲ್ಲದ ಮಣ್ಣೂ ಇಲ್ಲದ ಊಟ ಉಂಡು ಮಲಗುತ್ತಿದ್ದ. ಬೀದಿಯಲ್ಲಿ ಬ್ಯಾಂಡ್ ಹೋದರೆ ನಾವು ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಅವ್ವ ಬೈಯುವುದನ್ನು ನಿಲ್ಲಿಸಿದಳು. ಅದರಿಂದ ಮನೆಗೆ ನೆಮ್ಮದಿ ಬರಲಿಲ್ಲ, ಬರೀ ಸದ್ದು ಕಡಿಮೆಯಾಯಿತು. ನನ್ನ ಆರತಿ ಮುಗಿದು ಸ್ವಲ್ಪ ದಿನವಾದ ಮೇಲೆ, ಹಿತ್ತಲಲ್ಲಿ ನಾವಿಬ್ಬರೇ ಜೋಳ ಕೇರುತ್ತಿದ್ದಾಗ, ಅವಳು ಮೊರವನ್ನು ನಿಲ್ಲಿಸಿ ಕೇಳಿದಳು.

"ರತ್ನಿ, ನಾನು ಬೈದಿದ್ದು ಒಂದೂ ಅವರಿಗೆ ಕೇಳ್ಸಿರ್ಲಿಲ್ವಾ?"

"ಒಲೆ ಕಡೆ ತಿರುಗಿ ಬೈತಿದ್ದೆಲ್ಲ ಅವ್ವ, ಅದು ಯಾವುದೂ ಕೇಳ್ಸಿರ್ಲಿಲ್ಲ."

"ಒಳ್ಳೇದೇ ಆತು ಬಿಡು," ಅಂದಳು. ಮತ್ತೆ ಕೇರತೊಡಗಿದಳು. ಹೊಟ್ಟು ಹಾರಿ ಹೋಗಿ ಬರೀ ಕಾಳು ಉಳಿದಿದ್ದರೂ ಕೇರುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ, ನನ್ನ ಕಡೆ ನೋಡದೆಯೇ ಹೇಳಿದಳು.

"ನೀನು ಒಂದು ಬ್ಯಾಸಗೆ ಮಾವನ ಊರಿಗೆ ಹೋಗಿದ್ದೆಲ್ಲ, ಆವಾಗ ಒಂದಿನ ಅವರ ಪಕ್ಕದಾಗೆ ಕುಂತು ಒಳ್ಳೆ ಮಾತೂ ಆಡಿದ್ದೆ. ಬೈದಿದ್ದಕ್ಕೆಲ್ಲ ಸೇರಿಸಿ ಒಂದೇ ಒಂದು ಮಾತು. ಅವರು ಹೂಂ ಅಂದು ಎದ್ದು ಹೋದ್ರು. ಆವತ್ತಿಂದಾನೇ ನನಗೆ ಎದೆ ಕಲ್ಲಾಗಿದ್ದು."

"ಈಗ ಹೇಳವ್ವ. ಎದುರಿಗೆ ಕುಂತು ಜೋರಾಗಿ ಹೇಳು, ಕೇಳ್ಸ್ತೈತೆ."

ಅವ್ವ ಮೊರವನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಂಥಾ ಮಾತು ಕೂಗಿ ಹೇಳಾಕೆ ಬರ್ತೈತೇನೆ," ಅಂದಳು.